ಗುಡ್ಡಕ್ಕೆ ಗೆದ್ದಲಿನ ಮದ್ದು

ಏನೂ ಗೊತ್ತಿಲ್ಲದೆ ಹೆದರುವವರನ್ನು ಸಮಾಧಾನ ಮಾಡಬಹುದು. ಅರ್ಧಂಬರ್ಧ ಗೊತ್ತಿದ್ದು ಹೆದರುವವರನ್ನು ಆಗದು. ನಾನು ಈ ಎರಡನೆಯ ಪಂಗಡದವನು. ಉಡುಪಿ ಕಡೆಯ ನನ್ನ ಅಜ್ಜ ಮನೆ ಕಟ್ಟಿಸುವಾಗ ಕೆಂಪು ಮುರಕಲ್ಲುಗಳನ್ನು ಒಂದೊಂದಾಗಿ ಬಡಿದು ನೋಡುತ್ತಿದ್ದರು. ತೂತಿನಲ್ಲಿ ಬಿಳಿ ಕಂಡರೆ ಗೆದ್ದಲು ಹೊಕ್ಕಿದೆಯೆಂದು ಬದಿಗೆ ತಳ್ಳುವರು. ಕಲ್ಲಿನ ಬಗ್ಗೆ ನನ್ನ ವಿದ್ಯೆ ಅಷ್ಟೇ.

ವಿಠ್ಠಲವಾಡಿಯ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿ, ಕಳವಾ ಎಂಬ ಊರಿನ ಗುಡ್ಡದ ಬುಡದ ಫ್ಲ್ಯಾಟಿಗೆ ಬಂದ ಮೇಲೆ ನನ್ನ ಹೆಂಡತಿ ಸುಮತಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಮಲಗುವ ಕೋಣೆ ಸಿಕ್ಕಿತ್ತು. ಕಿಟಕಿಯೆದುರು ಗೋಡೆಯಂತೆ ಕಡಿದ ಕರಿ ಬಂಡೆ. ಒಂದು ದಿನ ಬಟ್ಟೆ ಒಣಹಾಕುತ್ತ ನೋಡುತ್ತೇನೆ, ಬಂಡೆಯ ತುಂಬ ತೂತು, ತೂತಿನ ತುಂಬ ಬಿಳಿ! ಹುಳ ತಿಂದ ಈ ಗುಡ್ಡ ಮಳೆ ಬಿದ್ದರೆ ನೇರ ನಮ್ಮ ಮಂಚಕ್ಕೇ. ವಾಶಿಯಿಂದ ಗೆದ್ದಲಿನ ಮದ್ದು ತಂದು, ವಾಚ್‌ಮನ್ ನಗುತ್ತಿದ್ದರೂ ಬಿಡದೆ, ಗುಡ್ಡಕ್ಕೆ ಹೊಡೆದೆ. ಬಿಳಿ ಕದಲಲಿಲ್ಲ. ಟಿಟ್ವಾಳಾಕ್ಕೆ ಮನೆ ಬದಲಿಸೋಣವೆಂದು ಗೋಗರೆದೆ.

"ನೀವು ಬೇಕಾದ್ರೆ ಹೋಗಿ ಮಾರಾಯ್ರೆ. ನಾನು ಈ ಕೋಣೆ ಬಿಟ್ಟು ಬರುದಿಲ್ಲ," ಎಂದಳು.

ನಾನು ಚಾಪೆ ಸುತ್ತಿಕೊಂಡು ಹಾಲಿಗೆ ಬಂದೆ. ಗುಡ್ಡದ ಮೇಲೆ ಆಡು ಓಡಿದರೂ ಎದ್ದು ಕೂರುತ್ತಿದ್ದೆ.

ಅಷ್ಟರಲ್ಲಿ ಡೊಂಬಿವಲಿಯಿಂದ ಸುಮತಿಯ ಅಕ್ಕನ ಮಗಳು ಶ್ರೇಯಾ ಬಂದಳು. ಓದುವುದು ಭೂವಿಜ್ಞಾನ, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಉದುರಿದ ಚೂರೊಂದನ್ನು ಅಂಗೈಯಲ್ಲಿ ತೂಗಿ ನೋಡಿ, ಇದು ಬೆಸಾಲ್ಟ್ ಎಂದಳು. ಹಿಂದೆಂದೋ ಹರಿದ ಲಾವಾ ಆರಿ ಆದ ಕಲ್ಲಂತೆ. ತೂತುಗಳು ಅದರೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು. ಬಿಳಿಯದು ಆಮೇಲೆ ಇಳಿದ ನೀರು ಬಿಟ್ಟುಹೋದ ಹರಳು. ಹೆದರುವುದಾದರೆ ಬಿರುಕಿಗೆ ಹೆದರಬೇಕಂತೆ, ಅಲ್ಲಿ ನಮ್ಮ ಕಟ್ಟಡದ ಸೊಸೈಟಿಯವರು ಆಗಲೇ ತಂತಿಬಲೆ ಬಿಗಿದಿದ್ದಾರೆ. ಹುಳದ ಭಯ ಹೋಯಿತು, ಲಾವಾದ ಭಯ ಹಿಡಿಯಿತು. ಹಿತ್ತಿಲಿಗೆ ಓಡಿ ಬಂಡೆ ಮುಟ್ಟಿದೆ. ಸುಡುತ್ತಿತ್ತು.

"ಇದು ಇನ್ನೂ ಆರಿಲ್ಲ ಮಗಾ."

"ಚಿಕ್ಕಪ್ಪ, ಮೇ ಕಾ ಮಹೀನಾ ಹೈ. ಮೇರೀ ಸ್ಕೂಟಿ ಕಾ ಸೀಟ್ ಭೀ ಐಸಾ ಹೀ ಗರಂ ಹೈ."

ಸಂಜೆ ಮೇ ತಿಂಗಳ ಬಿಸಿಲು ಇಳಿದಾಗ ಅವಳ ಸ್ಕೂಟಿಯ ಸೀಟಿನ ಹಾಗೆಯೇ ಬಂಡೆಯೂ ತಣಿಯಿತು, ನಾನೂ ತಣಿದೆ. ಚಾಪೆ ಎತ್ತಿಕೊಂಡು ಗಂಭೀರವಾಗಿ ಕೋಣೆಯ ಬಾಗಿಲಿಗೆ ಹೋದೆ.

"ಅಲ್ಲೇ ಮಲಗಿ," ಎಂದಳು ಸುಮತಿ. "ನಿಮ್ಮ ಗೊರಕೆ ಇಲ್ಲದೆ ಒಳ್ಳೆ ನಿದ್ದೆ ಬರ್ತದೆ ನಂಗೆ."

ಚಿಲಕ ಬಿತ್ತು. ಹೊರಗೆ ನಿಂತ ನನಗೆ, ಆ ಗುಡ್ಡದಿಂದ ಸಣ್ಣದೊಂದು ಕಲ್ಲಾದರೂ ಉರುಳಬಾರದೇ, ಇವಳು ಹೆದರಿ ಬಾಗಿಲು ತೆಗೆದಾಳು ಅನಿಸಿತು. ಬೆಸಾಲ್ಟ್ ಅಲ್ಲಾಡಲಿಲ್ಲ.