ಮಾತಿಲ್ಲದ ಜಾಹೀರಾತು

ಟಿಂಗ್‌ಟಾಂಗ್ ಸಾಹೇಬರು ಟಿವಿ ಹಾಕುವುದು ಜಾಹೀರಾತು ನೋಡಲಿಕ್ಕೆ. ನಡುನಡುವೆ ಸಿನಿಮಾ ಬಂದರೆ ಎದ್ದುಹೋಗಿ ನೀರು ಕುಡಿದು ಬರುತ್ತಾರೆ. ಹಾಗಂತ ಎಲ್ಲ ಜಾಹೀರಾತೂ ಅವರ ಘನತೆಗೆ ತಕ್ಕದ್ದಲ್ಲ. ಸೋಪು, ಟೂತ್‌ಪೇಸ್ಟಿನವು ಅಷ್ಟಕ್ಕಷ್ಟೆ. ಫೋನು, ಕಂಪ್ಯೂಟರು ಮಾಡುವ ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತು ಬಂತೆಂದರೆ ಮಾತ್ರ ಮನೆಯವರೆಲ್ಲ ಕೆಮ್ಮನ್ನೂ ತಡೆದುಕೊಂಡು ಕೂರಬೇಕು. ಆ ರಾಗಗಳನ್ನೇ ಹಗಲೆಲ್ಲ ಗುನುಗುತ್ತ ತಿರುಗುವುದರಿಂದ ಬೀದಿಯವರು ಅವರಿಗೆ 'ಟಿಂಗ್‌ಟಾಂಗ್' ಎಂಬ ಬಿರುದು ದಯಪಾಲಿಸಿದ್ದರು.

"ನೋಡು, ಒಂದೇ ಒಂದು ಮಾತಿಲ್ಲ," ಎಂದು ಅವರು ಹೆಂಡತಿಗೆ ಪಾಠ ಹೇಳುತ್ತಿದ್ದರು. "ಬೆಲೆ ಹೇಳಲ್ಲ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಹೇಳಲ್ಲ. ಒಂದು ಪಿಯಾನೋ, ಒಬ್ಬಳು ಹುಡುಗಿ, ಸುತ್ತ ಎಲ್ಲ ಬಿಳಿ. ಜನ ಸಾಲುಗಟ್ಟಿ ಹೋಗಿ ಕೊಳ್ತಾರೆ. ಸಂಗೀತದ ಶಕ್ತಿ ಕಣೇ!"

"ಸಂಗೀತಕ್ಕೆ ಅಷ್ಟು ಶಕ್ತಿ ಇದ್ರೆ ಫೋನ್ ಯಾಕೆ ರೀ ಮಾಡ್ತಾರೆ? ಪಿಯಾನೋನೇ ಮಾರಬಹುದಲ್ಲ!" ಎಂದಳು ಹೆಂಡತಿ. ಅವಳು ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ಮೂರ್ಖ ಪ್ರಶ್ನೆಗಳನ್ನು ಕೇಳಿ ಕೇಳಿ ಅವಳಿಗೂ ಅದೇ ಅಭ್ಯಾಸವಾಗಿದೆ ಎಂದು ಸಾಹೇಬರು ಕ್ಷಮಿಸಿಬಿಟ್ಟರು.

ಸಾಹೇಬರದ್ದೊಂದು ಫೋನಂಗಡಿ ಇತ್ತು. ಇತ್ತು ಅನ್ನುವುದಕ್ಕೆ ಮೇಲಿನ ಬೋರ್ಡೇ ಸಾಕ್ಷಿ. ಗಿರಾಕಿಗಳ ಸಾಕ್ಷಿ ಬೇಕೆಂದರೆ ಸ್ವಲ್ಪ ಹುಡುಕಬೇಕಿತ್ತು. ಅದರ ಎದುರಿಗೇ, ಬೀದಿಯ ಆಚೆ ಬದಿಯಲ್ಲಿ, ಅವರ ಮಾವನ ಹಾಸಿಗೆ ಅಂಗಡಿ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕಂಡರೆ ಮಾವನಿಗೆ ಮೈಯೆಲ್ಲ ಉರಿ. ಕಾಲು ಇದ್ದಷ್ಟು ಹಾಸಿಗೆ ಕೊಳ್ಳಿ ಎನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತದಿಂದ ಎರಡು ಮನೆ ಕಟ್ಟಿಸಿದ್ದರು.

"ಅಳಿಯಂದ್ರೇ, ಅಲ್ಲಿ ಕೂತು ನೊಣ ಹೊಡೆಯೋ ಬದ್ಲು ಇಲ್ಲಿ ಬಂದು ದಿಂಬು ಹೊಡೀರಿ. ಧೂಳಾದ್ರೂ ಹೋಗುತ್ತೆ," ಎಂದು ಮಾವ ಬೀದಿಗೆಲ್ಲ ಕೇಳುವಂತೆ ಕರೆಯುವುದಿತ್ತು.

ತಂತ್ರಜ್ಞಾನದ ಮನುಷ್ಯನನ್ನು ಹತ್ತಿಯ ಮನುಷ್ಯ ಹೀಗೆ ಅಂದರೆ ಯಾರು ತಾನೇ ಸಹಿಸಿಯಾರು? ಒಂದು ದಿನ ಸಾಹೇಬರು ರಸ್ತೆಯ ನಡುವೆ ನಿಂತು ಶಪಥವನ್ನೇ ಮಾಡಿಬಿಟ್ಟರು. "ಮಾವ, ನನ್ನದೊಂದು ಜಾಹೀರಾತು ಬರ್ಲಿ. ಆಮೇಲೂ ಅಂಗಡಿ ನಡೀದಿದ್ರೆ ಬಾಗಿಲು ಹಾಕಿ ಬಂದು ನಿಮ್ಮ ದಿಂಬು ಹೊಡೀತೀನಿ!"

"ಆಗ್ಲಿ, ಬೆತ್ತ ತೆಗೆದಿಟ್ಟಿರ್ತೀನಿ," ಎಂದರು ಮಾವ.

ಸಂಗೀತಕ್ಕೆ ಭಾವಮೈದುನನ ನೇಮಕವಾಯಿತು. ಅವನು ಸಮಾರಂಭಗಳಲ್ಲಿ ಕೀಬೋರ್ಡ್ ನುಡಿಸುವವನು. ಅವನ ಸಂಗೀತ ಕೇಳುತ್ತ ಊಟ ಮಾಡಿದವರು ಬಡಿಸುವವರನ್ನು ಸನ್ನೆಯಲ್ಲೇ ಕರೆಯಬೇಕಿತ್ತು, ಅಷ್ಟು ಜೋರು. "ಡ್ರಮ್ಸ್ ಹಾಕ್ಲಾ ಭಾವ?" ಎಂದು ಆಸೆಯಿಂದ ಕೇಳಿದ.

"ಮುಟ್ಟಿದ್ರೆ ನೋಡು! ಹೃದಯ ಕರಗಬೇಕು. ಮೋಡದ ಮೇಲೆ ಹತ್ತಿ ಬಿದ್ದ ಹಾಗಿರ್ಬೇಕು."

(ಹತ್ತಿ ಎಂಬ ಮಾತು ಅವರ ಬಾಯಿಂದಲೇ ಬಂತು. ಯಾರೂ ಹೇಳಿಕೊಟ್ಟಿದ್ದಲ್ಲ.)

ಮುಂದಿನ ಸಮಸ್ಯೆ ಬಿಳಿ. ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿ ಗೋಡೆ, ನೆಲ, ಆಕಾಶ ಎಲ್ಲವೂ ಬಿಳಿ. ಸಾಹೇಬರ ಮನೆಯ ಗೋಡೆಗಳು ಬಿಳಿ ಬಿಟ್ಟು ಬಹಳ ವರ್ಷವಾಗಿತ್ತು. ಹುಡುಕಿ ಹುಡುಕಿ ಕೊನೆಗೆ ಬಿಳಿ ಕಂಡಿದ್ದು ಮಲಗುವ ಕೋಣೆಯಲ್ಲಿ: ಮದುವೆಗೆ ಮಾವ ಕೊಟ್ಟಿದ್ದ ಮೊಣಕಾಲೆತ್ತರದ ಹಾಸಿಗೆ, ಅದರ ಮೇಲಿನ ಹೊದಿಕೆ. ಹಿಂದೆ ಇನ್ನೆರಡು ಬಿಳಿ ಚಾದರ ಕಟ್ಟಿದರು. ಹೆಂಡತಿಯನ್ನು ನಡುವೆ ಕೂರಿಸಿ, ಅಂಗಡಿಯ ಅತ್ಯಂತ ದುಬಾರಿ ಫೋನನ್ನು ಕೈಗೆ ಕೊಟ್ಟು, ತಾವು ಕ್ಯಾಮೆರಾ ಹಿಡಿದು ಎದುರಿಗೆ ನಿಂತರು.

"ಏನೂ ಮಾಡ್ಬೇಡ. ಫೋನ್ ನೋಡ್ತಾ ಇರು, ಮುಖದಲ್ಲಿ ನೆಮ್ಮದಿ ಬರ್ಲಿ, ಅಷ್ಟೇ."

"ನೆಮ್ಮದೀನಾ? ನೀವು ಎದುರಿಗೆ ನಿಂತಿದ್ರೆ ಹೇಗೆ ರೀ ಬರುತ್ತೆ?"

ಭಾನುವಾರ ಮಧ್ಯಾಹ್ನ. ಹೊಟ್ಟೆ ತುಂಬ ಊಟ. ವಾರವೆಲ್ಲ ಮಕ್ಕಳ ಮೇಲೆ ಕೂಗಿ ದಣಿದ ಗಂಟಲು. ಪಕ್ಕದಲ್ಲಿ ತಮ್ಮನ ಮೆಲ್ಲನೆಯ ಸಂಗೀತ. ಅವಳ ಕಣ್ಣು ಎಳೆಯತೊಡಗಿತು. ತಲೆ ವಾಲಿತು. ಕೈಯಲ್ಲಿದ್ದ ಫೋನ್ ಜಾರಿ ಠಪ್ಪೆಂದು ನೆಲಕ್ಕೆ ಬಿತ್ತು. ಅವಳು ದಿಂಬಿಗೆ ಕೆನ್ನೆಯೊತ್ತಿ, ಮದುವೆಯಾದಂದಿನಿಂದ ಸಾಹೇಬರು ಒಮ್ಮೆಯೂ ಕಾಣದಿದ್ದ ಒಂದು ನಗೆ ನಕ್ಕಳು.

"ಅಕ್ಕ ನಿದ್ದೆ ಹೋದ್ಳು ಭಾವ," ಎಂದ ಭಾವಮೈದುನ.

"ಶತಮೂರ್ಖ, ಅದು ಅಭಿನಯ!" ಎಂದು ಸಾಹೇಬರು ಪಿಸುಗುಟ್ಟಿದರು. ಫೋನಿನ ಗಾಜು ಒಡೆದಿದ್ದೂ ಅವರ ಗಮನಕ್ಕೆ ಬರಲಿಲ್ಲ.

ಕೊನೆಯಲ್ಲಿ ಅಂಗಡಿಯ ಹೆಸರು ಹಾಕೋಣವೇ ಎಂದು ಜಾಹೀರಾತು ಹಾಕಲಿದ್ದ ಊರಿನ ಕೇಬಲ್ ಚಾನೆಲಿನವರು ಕೇಳಿದರು. "ದೊಡ್ಡವರು ಹೆಸರು ಕೂಗ್ಕೊಳ್ಳಲ್ಲ, ಲಾಂಛನ ತೋರಿಸ್ತಾರೆ," ಎಂದು ಸಾಹೇಬರು ಲಾಂಛನ ಕೊಟ್ಟರು. ಫೋನಿನ ಆಕಾರ, ಬಿಳಿ ಬಣ್ಣ, ಮೂಲೆಗಳು ದುಂಡಗೆ. ಅದು ದಿಂಬಿನಂತೆ ಕಾಣುತ್ತದೆ ಎಂದು ಹೆಂಡತಿ ಹೇಳಿದಳು. ಕಲೆ ಎಲ್ಲರಿಗೂ ಅರ್ಥವಾಗುವುದಿಲ್ಲ ಎಂದು ಇವರು ಹೇಳಿದರು.

ಜಾಹೀರಾತು ಬಂದದ್ದೇ ತಡ, ಊರೇ ಮರುಳಾಯಿತು. ಅಳುವ ಮಕ್ಕಳಿಗೆ ತಾಯಂದಿರು ಆ ಸಂಗೀತ ಕೇಳಿಸಿದರು. ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಿ ನೋಡಿದರೂ ಅದೇ ಗುನುಗು. ಸಾಹೇಬರು ಕುರ್ಚಿ ಒರೆಸಿ, ತಲೆ ಬಾಚಿ, ಗಿರಾಕಿಗಳಿಗಾಗಿ ಕಾದರು. ಗಿರಾಕಿಗಳು ಬಂದರು. ಬಂದು, ಅವರಿಗೆ ಬೆನ್ನು ಹಾಕಿ, ಎದುರಿನ ಅಂಗಡಿಗೆ ಹೋದರು.

"ಆ ಟೀಚರಮ್ಮ ಮಲಗಿದ್ರಲ್ಲ, ಅಂಥದೇ ಹಾಸಿಗೆ ಕೊಡಿ!" ಎಂಬ ಕೂಗು ಬೀದಿ ದಾಟಿ ಕೇಳಿಸಿತು.

ಸಂಜೆ ಮಾವ ತಾವೇ ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಅಳಿಯಂದ್ರೇ, ಹೊರಗೆ ಒರಟು ಮಾತಾಡಿದ್ರೂ ಮನಸಲ್ಲಿ ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ!"

ಸಾಹೇಬರಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಮರುದಿನವೇ ಚಾನೆಲಿಗೆ ಓಡಿ, ಸಂಗೀತದ ಮೇಲೆ ತಮ್ಮ ಸ್ವಂತ ಕಂಠದಲ್ಲಿ "ಫೋನ್! ಇದು ಫೋನ್! ಫೋನ್ ಕೊಳ್ಳಿ!" ಎಂದು ಕೂಗಿ ಸೇರಿಸಿ ಬಂದರು. ಮಲಗಿದ್ದ ಮಕ್ಕಳೆಲ್ಲ ಕಿಟಾರನೆ ಕಿರುಚಿ ಎದ್ದವು. ತಾಯಂದಿರು ಚಾನೆಲಿನ ಬಾಗಿಲಿಗೇ ಹೋಗಿ ಮಂಗಳಾರತಿ ಎತ್ತಿದರು. ಕಂಠ ಹೋಯಿತು, ಸಂಗೀತ ಉಳಿಯಿತು.

ಒಂದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಬಾಗಿಲು ತೆಗೆಯಲು ಬಂದರೆ, ಆಹಾ! ತಮ್ಮ ಅಂಗಡಿಯ ಮುಂದೆ ಜನ! ಒಬ್ಬರ ಹಿಂದೆ ಒಬ್ಬರು! ಕೀಲಿಯನ್ನು ಬೀಗದಲ್ಲೇ ಬಿಟ್ಟು ರಸ್ತೆಯತ್ತ ತಿರುಗಿದರು. ಅಲ್ಲಿಂದಲೇ ಕೂಗಿದರು: "ಮಾವ! ಬನ್ನಿ, ನಿಮ್ಮ ಕಣ್ಣಾರೆ ನೋಡಿ! ಬೆತ್ತ ಒಳಗಿಡಿ!"

ಮಾವ ಬಂದು ಕಟ್ಟೆಯ ಮೇಲೆ ನಿಂತರು. ಸಾಹೇಬರು ಮೊದಲನೆಯ ಗಿರಾಕಿಯನ್ನು ದೊರೆಯಂತೆ ಒಳಗೆ ಕರೆದರು. "ಹೇಳಿ ಸಾರ್, ಯಾವ ಫೋನ್ ಕೊಡ್ಲಿ?"

"ಕೊಡೋದಲ್ಲ ಸಾರ್, ತಗೊಳ್ಳೋದು," ಎಂದು ಅವನು ತನ್ನ ಫೋನನ್ನು ಮೇಜಿನ ಮೇಲಿಟ್ಟ. "ಇದನ್ನ ಮಾರ್ಬೇಕು."

"ಹಳೇದು ಕೊಟ್ಟು ಹೊಸಾದು ತಗೋತೀರಿ, ಅಲ್ವಾ?"

"ಅಯ್ಯೋ, ಮತ್ತೆ ಈ ಸಹವಾಸ ಯಾರಿಗೆ ಬೇಕು! ಜಾಹೀರಾತು ನೋಡಿಲ್ವಾ? ಆಯಮ್ಮ ಪಾಪ, ಫೋನ್ ಹಿಡ್ಕೊಂಡಿರೋವಷ್ಟು ಹೊತ್ತು ಸಪ್ಪೆ ಮುಖ. ಅದನ್ನ ಎತ್ತಿ ನೆಲಕ್ಕೆ ಬಿಸಾಕಿದ್ಲು ನೋಡಿ, ಆಗ ಬಂತು ನಗು! ನನ್ನ ಹೆಂಡ್ತಿ ಅದನ್ನ ನೋಡಿದವ್ಳೇ, 'ನಾಳೆ ಇದು ಮನೇಲಿರಕೂಡದು' ಅಂದ್ಬಿಟ್ಲು."

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಲ್ಲರ ಕೈಯಲ್ಲೂ ಒಂದೊಂದು ಫೋನ್. ಕೆಲವರ ಕೈಯಲ್ಲಿ ಎರಡು.

ಮಾವ ಒಳಗೆ ಬಂದರು. ಅಳಿಯನ ಭುಜ ತಟ್ಟಿ ರಸ್ತೆ ದಾಟಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸಾಹೇಬರಿಗೆ ಅನ್ನಿಸಿತು.

ಆ ತಿಂಗಳ ಕೊನೆಗೆ ಫೋನಂಗಡಿ ಮಾವನ ಗೋದಾಮಾಯಿತು. ಬಾಗಿಲ ತನಕ ಹಾಸಿಗೆ ತುಂಬಿದರು. ಸಾಹೇಬರು ಎದುರಿನ ಅಂಗಡಿಯಲ್ಲಿ, ಮಲಗಿ ನೋಡುವ ಗಿರಾಕಿಗಳ ತಲೆಯ ಕೆಳಗೆ ದಿಂಬಿಡುವ ಹುದ್ದೆಗೆ ಏರಿದರು.

ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, ಸುಖವಾಗಿ ಕಣ್ಣು ಮುಚ್ಚಿಕೊಂಡು ಕೇಳಿದರು: "ಆ ಮ್ಯೂಸಿಕ್ಕಿನ ಜಾಹೀರಾತು ಯಾರಪ್ಪ ಮಾಡಿದ್ದು?"

ಸಾಹೇಬರ ಎದೆ ತಾನಾಗಿ ಉಬ್ಬಿತು. "ನಾನೇ ಅಮ್ಮ."

"ನೂರು ವರ್ಷ ಬಾಳಪ್ಪ! ಇಡೀ ಮನೇಗೆ ನಿದ್ದೆ ಕೊಟ್ಟೆ. ಆದ್ರೂ ಆ ಫೋನ್ ಅಂಗಡಿಯೋರು ನಿನಗೆ ಎಷ್ಟು ಶಾಪ ಹಾಕ್ತಿರ್ಬೇಕು!"

"ಎಲ್ರೂ ಅಲ್ಲಮ್ಮ, ಒಬ್ಬ ದಿನಾ ಹಾಕ್ತಾನೆ," ಎಂದರು ಸಾಹೇಬರು. "ಸ್ವಲ್ಪ ತಲೆ ಎತ್ತಿ, ಇನ್ನೊಂದು ದಿಂಬು ಇಡ್ತೀನಿ."