ಶ್ರೀಮತಿ ವರ್ನೆಟ್ಟಾ ಅವರ ಪೈ ಇನ್ನು ರುಚಿಯಾಗದಂತೆ ನೋಡಿಕೊಳ್ಳುವ ಬಗ್ಗೆ

ಕುಟುಂಬ ನೆರವು ಇಲಾಖೆ
ಹಾಕ್ಸ್‌ಬಿಲ್ ಕೌಂಟಿ, ಕೆಂಟಕಿ
ಸಂಖ್ಯೆ: ಕುನೆಇ/ಪೈ/17/ತುರ್ತು

ವಿಷಯ: ಸಂಬಳ ಏರಿದ ಕಾರಣ ಕುಟುಂಬವೊಂದು ಬಡತನಕ್ಕೆ ಬಿದ್ದಿರುವ ಕುರಿತು.
ಉಲ್ಲೇಖ: ವೃದ್ಧಾಶ್ರಮದ ಹನ್ನೊಂದು ಮಂದಿ ಹಿರಿಯರ ಮೆಚ್ಚುಗೆ ಪತ್ರ (ಬೆಣ್ಣೆಯ ಕಲೆ ಸಹಿತ).

ವೃದ್ಧಾಶ್ರಮದಲ್ಲಿ ಅಡುಗೆ ಮಾಡುವ ಶ್ರೀಮತಿ ವರ್ನೆಟ್ಟಾ ಸ್ಲೋನ್ ಅವರು, ಯಾರ ಪೂರ್ವಾನುಮತಿಯನ್ನೂ ಪಡೆಯದೆ, ಪೀಚ್ ಹಣ್ಣು ತುಂಬಿ ಬೇಯಿಸುವ ಪೈ ಎಂಬ ಸಿಹಿತಿಂಡಿಯನ್ನು ಅತಿ ರುಚಿಯಾಗಿ ಮಾಡಿರುತ್ತಾರೆ. ಹಿರಿಯರ ಶಿಫಾರಸಿನ ಮೇರೆಗೆ ಅವರ ಸಂಬಳ ಗಂಟೆಗೆ ಕಾಲು ಡಾಲರ್ ಏರಿದ್ದು, ವರಮಾನವು ನೆರವಿಗೆ ನಿಗದಿಯಾದ ಮಿತಿಯನ್ನು ಕೂದಲೆಳೆಯಷ್ಟು ದಾಟಿ, ನಾಲ್ಕು ವರ್ಷದ ಮಗಳು ಓಪಲ್‌ಳ ಶಿಶುವಿಹಾರದ ನೆರವು ತಾನಾಗಿಯೇ ರದ್ದಾಗಿರುತ್ತದೆ. ಪೂರ್ತಿ ಶುಲ್ಕ ಕಟ್ಟಿದರೆ ಮನೆ ಬಾಡಿಗೆಗೆ ಉಳಿಯುವುದಿಲ್ಲ. ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟರೆ ವರಮಾನ ಮಿತಿಯೊಳಗೆ ಬರುತ್ತದೆ. ಆದರೆ ನೆರವು ಕೆಲಸದಲ್ಲಿರುವವರಿಗೆ ಮಾತ್ರ. ನಿಯಮ ಇಷ್ಟು ಸರಳವಾಗಿದ್ದರೂ ಅವರು ಕೌಂಟರಿನಲ್ಲಿ, "ಏರಿಸಿದ್ದನ್ನ ವಾಪಸ್ ತಗೊಂಡ್ಬಿಡಿ ಸಾರ್, ನಾನೇನು ಕೇಳಿದ್ನಾ? ನಾನು ಕೆಲಸಕ್ಕೆ ಹೋದ್ರೆ ನನ್ ಮಗಳಿಗೆ ಇರೋದು ಅದೊಂದೇ ಜಾಗ" ಎಂದು ನುಡಿದಿರುವುದು ಕಡತದಲ್ಲಿ ದಾಖಲಾಗಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ನೆರವು ಪಡೆಯುವವರು ಕೆಲಸವನ್ನು ಸಾಧಾರಣವಾಗಿ ಮಾಡತಕ್ಕದ್ದು. ತೀರಾ ಕೆಟ್ಟದಾಗಿ ಮಾಡಿ ಕೆಲಸ ಕಳೆದುಕೊಂಡಲ್ಲಿ ಇಲಾಖೆ ಹೊಣೆಯಲ್ಲ.

2. ಮೇಲಧಿಕಾರಿಗಳು ಬೆನ್ನು ತಟ್ಟಲು ಬಂದಲ್ಲಿ ಗೋಡೆಗೆ ಒರಗಿ ನಿಲ್ಲತಕ್ಕದ್ದು.

3. 'ತಿಂಗಳ ಅತ್ಯುತ್ತಮ ನೌಕರೆ' ಎಂದು ಊಟದ ಮನೆಯಲ್ಲಿ ತೂಗುಹಾಕಿರುವ ಶ್ರೀಮತಿಯವರ ಭಾವಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸತಕ್ಕದ್ದು. ಅದರಲ್ಲಿ ಅವರು ನಗುತ್ತಿರುವುದು ಬಡತನದ ಪುರಾವೆಗೆ ಧಕ್ಕೆ ತರುತ್ತದೆ.

4. ಪೈಯನ್ನು ಸೀಯಿಸಿ ಏರಿಕೆಯನ್ನು ರದ್ದುಪಡಿಸಿಕೊಳ್ಳಲು ಅವರಿಗೆ ಒಂದು ಅವಕಾಶ ನೀಡಲಾಗಿತ್ತು. ಅವರು ಕಣ್ಣೀರಿಡುತ್ತಲೇ ಸೀಯಿಸಿರುತ್ತಾರೆ. ಆದರೆ ತೊಂಬತ್ತೊಂದು ವರ್ಷದ ಶ್ರೀ ಹೋಬರ್ಟ್ ಅವರು ಎರಡು ತುಂಡು ತಿಂದು, "ಸೀದ್ರೇನಮ್ಮ, ನಮ್ಮವ್ವನೂ ಹಿಂಗೇ ಸೀಯಿಸ್ತಿದ್ಲು" ಎಂದು ತಟ್ಟೆ ನೆಕ್ಕಿದ್ದಾರೆ. ಮರುದಿನವೇ ಇನ್ನೊಂದು ಕಾಲು ಡಾಲರ್ ಏರಿರುವುದು ವಿಷಾದನೀಯ.

5. ಸ್ಥಳ ಪರಿಶೀಲನೆಗೆ ಹೋದ ಸಿಬ್ಬಂದಿ ಮೂರನೆಯ ತುಂಡು ಕೇಳಿದ್ದನ್ನು ಪರಿಶೀಲನೆಯ ಭಾಗವೆಂದೇ ಪರಿಗಣಿಸಲಾಗಿದೆ.

6. ಮೇಲ್ಮನವಿಯನ್ನು ಕೆಲಸದ ದಿನ, ಕೆಲಸದ ವೇಳೆಯಲ್ಲಿ, ಮಗುವನ್ನು ಕರೆತರದೆ, ಖುದ್ದಾಗಿ ಸಲ್ಲಿಸತಕ್ಕದ್ದು.

ಸಹಿ/-
ಲೈಲ್ ಟ್ಯಾಕೆಟ್
ಉಪನಿರ್ದೇಶಕರು (ಏಳಿಗೆ ತಡೆ ವಿಭಾಗ)

ಪ್ರತಿಗಳು:
ಅ) ವೃದ್ಧಾಶ್ರಮದ ಹಿರಿಯರಿಗೆ, ಇನ್ನು ಮುಂದೆ ಮುಖ ಸಿಂಡರಿಸಿಕೊಂಡು ಉಣ್ಣಲು.
ಆ) ಶ್ರೀಮತಿ ವರ್ನೆಟ್ಟಾ ಅವರಿಗೆ, ಎರಡೂ ಏರಿಕೆಗಳಿಗಾಗಿ ಅಭಿನಂದನೆಗಳೊಂದಿಗೆ.
ಇ) ಶಿಶುವಿಹಾರಕ್ಕೆ, ಕೋಟು ತೂಗುಹಾಕುವ ಗೂಟದ ಮೇಲಿನ 'ಓಪಲ್' ಎಂಬ ಹೆಸರನ್ನು ಶುಕ್ರವಾರ ಅಳಿಸಲು. ಕೋಟು ಅಲ್ಲೇ ಉಳಿದಿದ್ದಲ್ಲಿ ಅದನ್ನು ಕುಟುಂಬದ ಆಸ್ತಿಯೆಂದು ಪರಿಗಣಿಸಿ ವರಮಾನದ ಲೆಕ್ಕಕ್ಕೆ ಸೇರಿಸಲಾಗುವುದು.