ನವರಂಗ್ ತಿರುವಿನ ಬೋಂಡಾ ಗಾಡಿ

ನಮ್ಮ ಯಜಮಾನರು ರಿಟೈರ್ ಆದ ದಿನ ಕಾರ್ಖಾನೆಯವರು ಒಂದು ಗಂಧದ ಹಾರ, ಒಂದು ಬೆಳ್ಳಿ ಲೋಟ ಕೊಟ್ಟು, ಕೈ ಮುಗಿದು ಕಳಿಸಿಬಿಟ್ಟರು. ಅವರ ಕಷ್ಟ ಅಲ್ಲಿಗೆ ಮುಗಿಯಿತು. ನನ್ನದು ಶುರುವಾಯಿತು.

ಇವರು ಟೈಮ್ ಆಫೀಸಿನಲ್ಲಿದ್ದವರು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ತಡ ಮಾಡಿದರು ಎಂದು ನೋಡುವುದೇ ಉದ್ಯೋಗ. ಮನೆಯಲ್ಲಿ ಕೂತ ಮೇಲೆ ನೋಡುವುದಕ್ಕೆ ಸಿಕ್ಕವಳು ನಾನೊಬ್ಬಳೇ. ಹುಳಿ ಇಷ್ಟು ಹೊತ್ತು ಯಾಕೆ ಕುದಿಯಬೇಕು, ಒಂದು ಹೋಳು ಕಾಯಿ ತುರಿಯುವುದಕ್ಕೆ ಇಷ್ಟು ಹೊತ್ತು ಯಾಕೆ ಬೇಕು ಎಂದು ಅಡಿಗೆಮನೆ ಬಾಗಿಲಲ್ಲೇ ವಿಚಾರಣಾ ಆಯೋಗ ಕೂತುಬಿಡುತ್ತಿತ್ತು. ಈ ಮನುಷ್ಯರಿಗೆ ಏನಾದರೂ ಕೆಲಸ ಕೊಡಪ್ಪ ಎಂದು ನಾನೇ ದೇವರನ್ನು ಬೇಡಿಕೊಂಡದ್ದು ನಿಜ. ದೇವರು ಇಂಥ ಕೆಲಸ ಹುಡುಕಿ ಕೊಡುತ್ತಾನೆಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡು ಕಾಯಿ ತುರಿಯುತ್ತಿದ್ದೆ.

ಒಂದು ಸಂಜೆ ನವರಂಗ್ ಟಾಕೀಸಿನ ಕಡೆ ತಿರುಗಾಡಲು ಹೋದವರು ಮುಖದಲ್ಲಿ ತೇಜಸ್ಸು ತುಂಬಿಕೊಂಡು ವಾಪಸು ಬಂದರು. ಮ್ಯಾಟಿನಿ ಬಿಟ್ಟಾಗ ಜನ ಹಸಿದುಕೊಂಡು ಹೊರಗೆ ಬರುತ್ತಾರಂತೆ. ಆ ತಿರುವಿನಲ್ಲಿ ಕಡಲೆಕಾಯಿ ಬಿಟ್ಟರೆ ತಿನ್ನುವುದಕ್ಕೆ ಏನೂ ಇಲ್ಲವಂತೆ.

"ಬೋಂಡಾ ಗಾಡಿ ಇಡ್ತೀನಿ ಕಣೇ, ಸತ್ಯ," ಎಂದರು.

ತಮಾಷೆ ಎಂದುಕೊಂಡು ನಕ್ಕೆ. (ಮದುವೆಯಾದಂದಿನಿಂದ ಅವರು ಒಂದು ತಮಾಷೆಯನ್ನೂ ಮಾಡಿದವರಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.) ಮಾರನೆಯ ದಿನವೇ ಕುರುಬರಹಳ್ಳಿಗೆ ಹೋಗಿ, ಬಡಗಿ ಮುನಿರಾಮಯ್ಯನಿಗೆ ಸೈಕಲ್ ಚಕ್ರದ ಗಾಡಿಯೊಂದನ್ನು ಮಾಡಲು ಹೇಳಿ ಬಂದರು. ಬಣ್ಣ ಹಸಿರಂತೆ. ಆ ಗಾಡಿ ಹೊರಡದೆ ಇರಲಿ ಎಂದು ನಾನು ಅಂದೇ ದೇವರಿಗೆ ಮುಡಿಪು ಕಟ್ಟಿದೆ.

ಅದಕ್ಕೆ ಕಾರಣವಿತ್ತು. ನಮ್ಮ ಒಬ್ಬಳೇ ಮಗಳು ಪುಟ್ಟಲಕ್ಷ್ಮಿಯ ಜಾತಕ ವಿಜಯನಗರದ ಒಂದು ಮನೆಗೆ ಹೋಗಿತ್ತು. ಹುಡುಗ ಬ್ಯಾಂಕಿನಲ್ಲಿದ್ದ. ಅವನ ತಂದೆ ಚಕ್ರಪಾಣಿಗಳು ಹೈಸ್ಕೂಲ್ ಹೆಡ್‌ಮಾಸ್ಟರು, ಬಹಳ ಶಿಸ್ತಿನವರು, ಮುಖದಲ್ಲಿ ನಗು ಕಂಡವರಿಲ್ಲ ಎಂದು ಮಧ್ಯಸ್ಥರು ಮೊದಲೇ ಎಚ್ಚರಿಸಿದ್ದರು. ಜಾತಕ ಕೂಡಿಬಂದಿದೆ, ಬಿಡುವಾದಾಗ ಹುಡುಗಿ ನೋಡಲು ಬರುತ್ತೇವೆ ಎಂದು ಅವರು ಹೇಳಿಕಳಿಸಿದ್ದರು. ಅಂಥವರು ಬಂದು, ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದರೆ, ಟಾಕೀಸಿನ ಮುಂದೆ ಬೋಂಡಾ ಕರಿಯುತ್ತಿದ್ದಾರೆ ಎಂದು ನಾನು ಹೇಗೆ ಹೇಳಲಿ?

ಇದನ್ನೆಲ್ಲ ಬಿಡಿಸಿ ಹೇಳಿ ಅತ್ತೆ. ಅವರು ದುಡಿಮೆಯ ಘನತೆಯ ಬಗ್ಗೆ ಸಣ್ಣದೊಂದು ಭಾಷಣ ಮಾಡಿದರು. ತಾವೇನೂ ಕದ್ದು ಮಾರುವುದಿಲ್ಲ, ಕಾರ್ಪೊರೇಷನ್ನಿನ ಲೈಸೆನ್ಸು ತೆಗೆದುಕೊಂಡೇ ಗಾಡಿ ಹೊರಡಿಸುವುದು ಎಂದರು. ಆ ಮಾತು ಕೇಳಿ ನನಗೆ ಹೋದ ಉಸಿರು ಬಂದಂತಾಯಿತು. ಸರ್ಕಾರಿ ಕಾಗದವಲ್ಲವೆ, ಅದು ಬರುವುದರೊಳಗೆ ಮಗಳ ಮದುವೆಯಾಗಿ ಬಾಣಂತನವೂ ಮುಗಿದಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ನಮ್ಮವರ ಹಟ ನನಗೆ ಗೊತ್ತಿರಲಿಲ್ಲ. ಒಂದು ಕಿಟಕಿಯವರು ಇನ್ನೊಂದು ಕಿಟಕಿ ತೋರಿಸಿದರೆ ಅಲ್ಲಿಗೆ ಹೋದರು. ಫೋಟೋ ಬೇಕೆಂದರೆ ಕೋಟು ಹಾಕಿಕೊಂಡು ಫೋಟೋ ತೆಗೆಸಿದರು. ಕಾಲರಾ ಇಂಜೆಕ್ಷನ್ ಆಗಬೇಕೆಂದಾಗ ಚುಚ್ಚಿಸಿಕೊಂಡು, ಊದಿದ ತೋಳನ್ನು ಯುದ್ಧದಿಂದ ಬಂದ ಸೈನಿಕನಂತೆ ಹಿಡಿದುಕೊಂಡು ಮನೆಗೆ ಬಂದರು. ತಡವಾದಾಗಲೆಲ್ಲ ನಾನು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದೆ. ಪಾಪ, ಇವರು ಅದು ತಮ್ಮ ಲೈಸೆನ್ಸಿಗೆಂದು ತಿಳಿದು ಸಂತೋಷಪಡುತ್ತಿದ್ದರು.

ಕೊನೆಗೆ ಒಂದು ದಿನ, ಎಲ್ಲವೂ ಮುಗಿಯಿತು, ಇನ್ನು ಹೆಲ್ತ್ ಇನ್‌ಸ್ಪೆಕ್ಟರ್ ಬೈರಯ್ಯನವರು ಹ್ಞೂಂ ಅನ್ನುವುದೊಂದೇ ಬಾಕಿ ಎಂದರು. ಅಂದು ನನಗೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಇವರು ಗಾಡಿಯ ಬಣ್ಣ ನೋಡಲು ಹೋದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ನೇರವಾಗಿ ಬೈರಯ್ಯನವರ ಕಚೇರಿಗೆ ಹೋದೆ. ಗಂಡನ ವಿರುದ್ಧ ಕಚೇರಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಸೇತುರಾಮ ಅಂತ ಒಬ್ಬರು ಅರ್ಜಿ ಹಾಕಿದಾರೆ, ಸಾರ್. ಅವರಿಗೆ ಲೈಸೆನ್ಸ್ ಕೊಡಬೇಡಿ. ನಾನು ಅವರ ಮನೆಯೋಳು," ಎಂದೆ.

ಬೈರಯ್ಯನವರು ಪೆನ್ನು ಕೆಳಗಿಟ್ಟರು. ಕೊಡಿ ಕೊಡಿ ಎಂದು ಕಾಲು ಹಿಡಿಯುವವರನ್ನು ಕಂಡಿದ್ದರೇ ಹೊರತು ಕೊಡಬೇಡಿ ಎಂದು ಬಂದವರನ್ನು ಕಂಡಿರಲಿಲ್ಲವೇನೋ. ಕಾರಣ ಕೇಳಿದರು. ಮಗಳ ಮದುವೆ ವಿಷಯ ಹೇಳಲು ನಾಚಿಕೆಯಾಯಿತು. ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ಬಂದಿದ್ದೇನೆ ಎಂದುಬಿಟ್ಟೆ.

ಬಾಯಿ ತೆರೆದದ್ದೇ ತಡ, ಒಳಗೆ ಕೂಡಿಟ್ಟಿದ್ದ ಸಂಕಟವೆಲ್ಲ ಹೊರಗೆ ಬಂತು. ಇವರಿಗೆ ಕಡಲೆಹಿಟ್ಟು ಜರಡಿ ಹಿಡಿಯಬೇಕೆಂದು ಗೊತ್ತಿಲ್ಲ, ನಿನ್ನೆಯ ಎಣ್ಣೆ ಉಳಿದಿದ್ದರೆ ಇವತ್ತೂ ಅದರಲ್ಲೇ ಕರಿಯುತ್ತಾರೆ, ಮುಖ, ಕನ್ನಡಕ, ಕೈ ಎಲ್ಲಕ್ಕೂ ಒಂದೇ ಟವಲು ಎಂದೆ. ಒಂದೇ ಬಕೆಟ್ಟಿನಲ್ಲಿ ಊರಿನ ತಟ್ಟೆಯೆಲ್ಲ ಅದ್ದಿ ತೆಗೆದರೆ ರೋಗ ಹರಡದೆ ಇರುತ್ತದೆಯೇ ಎಂದು ಕೇಳಿದೆ. ತಟ್ಟೆಯೇ ಬೇಡ, ಮುತ್ತುಗದ ಎಲೆಯಲ್ಲಿ ಕೊಡಬೇಕು. ನೀರು ಕುದಿಸಿ ಆರಿಸಿ ಮುಚ್ಚಿಡಬೇಕು. ಚಟ್ನಿಯನ್ನು ಅಂದಂದೇ ರುಬ್ಬಬೇಕು, ಹೆಚ್ಚಿದ ಈರುಳ್ಳಿಯ ಮೇಲೆ ತೆಳು ಬಟ್ಟೆ ಇರಬೇಕು. ಇದೆಲ್ಲ ಆ ಮನುಷ್ಯರ ಕೈಲಿ ಆಗುವ ಮಾತೇ?

ಬೈರಯ್ಯನವರು ಕಾಗದ ತೆಗೆದು, ನನ್ನ ಹೆಸರು ಕೇಳಿ, ಬರೆದುಕೊಳ್ಳತೊಡಗಿದರು. ತಕರಾರುಗಳನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ನನಗೆ ಇನ್ನೂ ಹುರುಪು ಬಂತು. ಉಪ್ಪು, ಓಂಕಾಳನ್ನೂ ಬಿಡಲಿಲ್ಲ.

"ಎಲ್ಲ ಬರ್ಕೊಂಡಿದೀನಿ, ತಾಯಿ. ಧೈರ್ಯವಾಗಿ ಹೋಗಿ," ಎಂದರು. ಹೂ ಕೊಂಡುಕೊಂಡು ಮನೆಗೆ ಬಂದೆ.

ಲೈಸೆನ್ಸು ಬಂದೇ ಬಂತು. ಇವರು ನಡುಮನೆಯಲ್ಲಿ ನಿಂತು, ಕನ್ನಡಕ ಏರಿಸಿಕೊಂಡು, ಗಟ್ಟಿಯಾಗಿ ಓದಲು ಶುರುಮಾಡಿದರು. ಅರ್ಧ ದಾರಿಯಲ್ಲಿ ದನಿ ಇಳಿಯಿತು. ಅರ್ಜಿದಾರರ ಪತ್ನಿ ಶ್ರೀಮತಿ ಸತ್ಯವತಿಯವರಿಗೆ ಶುಚಿತ್ವದ ವಿಷಯದಲ್ಲಿ ವಿಶೇಷ ಪರಿಜ್ಞಾನವಿರುವುದರಿಂದ ಲೈಸೆನ್ಸನ್ನು ಅವರ ಹೆಸರಿಗೆ ನೀಡಲಾಗಿದೆ. ತಿಂಡಿಯನ್ನು ಅವರೇ ಖುದ್ದಾಗಿ ತಯಾರಿಸತಕ್ಕದ್ದು ಎಂದು ಅದರಲ್ಲಿತ್ತು.

ಇವರು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

"ನಾನು ಇನ್ನೊಬ್ಬರ ಕೈಕೆಳಗೆ ದುಡಿದಿದ್ದು ಸಾಕಾಗಿದೆ, ಸತ್ಯ. ಗಾಡಿ ನೀನೇ ನೋಡ್ಕೋ."

ನನಗೆ ಬೇಡ, ವಾಪಸು ಕೊಟ್ಟುಬಿಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹುಬ್ಬು ಗಂಟಿಕ್ಕಿ, ಆ ಇನ್‌ಸ್ಪೆಕ್ಟರಿಗೆ ನಿನ್ನ ಪರಿಜ್ಞಾನದ ವಿಷಯ ಹೇಗೆ ಗೊತ್ತಾಯಿತು ಎಂದು ಕೇಳಿದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಡಲೆಹಿಟ್ಟು ಎಷ್ಟು ತರಬೇಕು ಎಂದೆ.

ಹೀಗೆ ನಾನು ನವರಂಗ್ ತಿರುವಿನಲ್ಲಿ ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆಯುವ ಕಾಲ ಬಂತು. ಯಾರಿಗೂ ಗುರುತು ಸಿಗಬಾರದೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದೆ. ಜನ ಬಂದರು, ತಿಂದರು, ಇನ್ನೂ ಜನರನ್ನು ಕರೆತಂದರು. ಪ್ರತಿ ಬಸ್ಸು ನಿಂತಾಗಲೂ ವಿಜಯನಗರದವರು ಇಳಿದರೇನೋ ಎಂದು ಸೆರಗಿನ ಸಂದಿಯಿಂದ ಇಣುಕುತ್ತಿದ್ದೆ.

ಒಂದು ಸಂಜೆ ಬಸ್ಸಿನಿಂದ ಕ್ಲೋಸ್ ಕಾಲರ್ ಕೋಟಿನ ಒಬ್ಬರು, ಅವರ ಹೆಂಡತಿ, ಒಬ್ಬ ಯುವಕ ಇಳಿದರು. ಕೋಟಿನವರು ನನ್ನ ನೀರಿನ ಪಾತ್ರೆ, ಎಣ್ಣೆಯ ಬಣ್ಣ, ಈರುಳ್ಳಿಯ ಮೇಲಿನ ಬಟ್ಟೆ ಎಲ್ಲವನ್ನೂ ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆ ನೋಡಿದರು. ಒಂದು ಎಲೆ ಬೋಂಡಾ ತಿಂದರು. ಖಾಲಿ ಎಲೆಯನ್ನು ಮತ್ತೆ ಮುಂದೆ ಚಾಚಿದರು. ಮುಗಿಸಿ ಕೈ ಒರೆಸಿಕೊಳ್ಳುತ್ತ ಕೇಳಿದರು:

"ಇಲ್ಲಿ ಸೇತುರಾಮ ಅನ್ನೋರ ಮನೆ ಎಲ್ಲಿ ಬರತ್ತಮ್ಮ?"

ಜಾಲರಿ ಸೌಟು ನನ್ನ ಕೈಜಾರಿ ಬಾಣಲೆಗೆ ಬಿತ್ತು. ದನಿ ಬದಲಾಯಿಸಿ, ಪಾರ್ಕು ಸುತ್ತಿ, ರೇಷನ್ ಡಿಪೋ ದಾಟಿ ಹೋಗುವ ದೂರದ ದಾರಿ ಹೇಳಿದೆ. ಅವರು ತಿರುಗಿದ ಕೂಡಲೇ ಸ್ಟವ್ ಆರಿಸಿ, ಗಾಡಿಯನ್ನು ಕಡಲೆಕಾಯಿ ಮಾರುವ ಚಿಕ್ಕಗಂಗಮ್ಮನಿಗೆ ಒಪ್ಪಿಸಿ, ಸಂದಿಯಲ್ಲಿ ಓಡಿ ಹಿತ್ತಲ ಬಾಗಿಲಿಂದ ಮನೆಯೊಳಗೆ ನುಗ್ಗಿದೆ. ಅವರಾಗಲೇ ಬಂದು ಕೂತಿದ್ದರು. (ದಾರಿಯಲ್ಲಿ ಯಾರೋ ಪುಣ್ಯಾತ್ಮರು ಹತ್ತಿರದ ದಾರಿ ತೋರಿಸಿದ್ದರಂತೆ.) ನಮ್ಮವರು ನಡುಮನೆಯಲ್ಲಿ, ನಮ್ಮ ಮನೆಯವಳು ಬಿಸಿನೆಸ್ಸಿನ ಮೇಲೆ ಹೋಗಿದ್ದಾಳೆ ಎಂದು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು.

ಮುಖ ತೊಳೆದು, ಸೀರೆ ಬದಲಿಸಿ, ಪೌಡರು ಬಳಿದುಕೊಂಡು ಕಾಫಿ ತಂದೆ. ಚಕ್ರಪಾಣಿಗಳು ಲೋಟ ತೆಗೆದುಕೊಳ್ಳದೆ ನನ್ನ ಮೊಣಕೈಯನ್ನೇ ನೋಡಿದರು. ಅಲ್ಲಿ ಕಡಲೆಹಿಟ್ಟು ಒಣಗಿತ್ತು. ಪುಟ್ಟಲಕ್ಷ್ಮಿ ತಲೆ ತಗ್ಗಿಸಿದಳು. ಮಗಳ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಂಡು ನಾನು ಕಂಬ ಹಿಡಿದುಕೊಂಡೆ.

"ಹುಡುಗಿ ನಮಗೆಲ್ಲ ಒಪ್ಪಿಗೆ. ಆದರೆ ನಮ್ಮದು ಒಂದು ಷರತ್ತಿದೆ," ಎಂದರು ಚಕ್ರಪಾಣಿಗಳು.

ಇವರ ಮುಖ ಬಿಳಿಚಿತು. ಸ್ಕೂಟರು ಕೇಳುತ್ತಾರೋ, ಸೈಟು ಕೇಳುತ್ತಾರೋ ಎಂದುಕೊಂಡೆ. ಚಕ್ರಪಾಣಿಗಳು ನನ್ನ ಕಡೆ ತಿರುಗಿದರು.

"ಮದುವೆ ದಿನ ಸಾಯಂಕಾಲದ ತಿಂಡಿಗೆ ಅಡಿಗೆಯವರು ಬೇಡ. ಬೋಂಡಾ ನೀವೇ ಕರೀಬೇಕು."

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಎದ್ದು ಅವರ ಎರಡೂ ಕೈ ಹಿಡಿದುಕೊಂಡು ಒಪ್ಪಿಬಿಟ್ಟರು.

ಮದುವೆ ಚೆನ್ನಾಗಿಯೇ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಮಗಳು ಅಳಿಯ ಆರತಕ್ಷತೆಯ ಕುರ್ಚಿಯಲ್ಲಿ ಕೂತಿದ್ದಾಗ ನಾನು ಛತ್ರದ ಹಿಂದೆ, ರೇಷ್ಮೆ ಸೀರೆ ಎತ್ತಿ ಕಟ್ಟಿ, ಬಾಣಲೆಯ ಮುಂದೆ ನಿಂತಿದ್ದೆ. ಆಗ ತೆಗೆದ ದೊಡ್ಡ ಫೋಟೋ ಈಗ ನಮ್ಮ ನಡುಮನೆಯಲ್ಲಿದೆ. ಎರಡೂ ಕಡೆಯವರು, ದೂರದ ನೆಂಟರು, ಮಧ್ಯಸ್ಥರು, ಇನ್‌ಸ್ಪೆಕ್ಟರ್ ಬೈರಯ್ಯನವರು, ಎಲ್ಲರೂ ಅದರಲ್ಲಿದ್ದಾರೆ. ಎಲ್ಲರ ಕೈಯಲ್ಲೂ ಬೋಂಡಾ ಇದೆ. ನಾನು ಮಾತ್ರ ಇಲ್ಲ.